ಹಾಡಿದವರು ಗೊತ್ತು, ನುಡಿಸಿದವರು?

ಮೈಸೂರಿನ ಕಲಾಮಂದಿರದಲ್ಲಿ ಚಿತ್ರಸಂಗೀತ ನಿರ್ದೇಶಕರಾದ ರಾಜನ್–ನಾಗೇಂದ್ರ ಸೋದರರ ಗೀತೆಗಳದ್ದೇ ಒಂದು ರಸಮಂಜರಿ ನಡೆಯಲಿದೆ, ಹೋಗಿಬರುತ್ತೇನೆ ಎಂದು ಕಳೆದ ಸಂಚಿಕೆಯ ಅಂಕಣದಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದರ ಬಗ್ಗೆಯೇ. ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ಇವನ್ನಷ್ಟೇ ಎತ್ತಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: 1981ರಿಂದ ಹದಿನೆಂಟು ವರ್ಷ ಮಂಡ್ಯ, ಮೈಸೂರು, ಚಾಮರಾಜನಗರದ ಕಡೆ ತಿರುಗುತ್ತಿದ್ದ ಆರ್ಕೆಸ್ಟ್ರಾ ತಂಡವೊಂದರಲ್ಲಿ ನಾನು ಢೋಲಕ್ ಮತ್ತು ತಬಲಾ ನುಡಿಸುತ್ತಿದ್ದೆ. ನನ್ನ ಉತ್ತರಗಳು ಆ ಚಾಪೆಯ ಮೇಲೆ ಕುಳಿತು ಹೇಳಿದವು.

ಪ್ರಶ್ನೆ: ತಲಾ ಮುನ್ನೂರು ರೂಪಾಯಿ ಟಿಕೆಟ್ ಕೊಟ್ಟು ಅತ್ತೆಯವರನ್ನು ಆ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ಅತ್ತೆ ಎರಡು ಹಾಡಿಗೆ ಕಣ್ಣೊರೆಸಿಕೊಂಡರು. ನಮ್ಮ ಯಜಮಾನರು ಮಾತ್ರ, ‘ಮೂಲ ಹಾಡೇ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ನಕಲು ಕೇಳಲು ದುಡ್ಡು ಸುರಿಯಬೇಕೆ?’ ಎನ್ನುತ್ತಾರೆ. ಯಾರು ಸರಿ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಅದೇ ಸಂಜೆ ನಾನೂ ಅಲ್ಲಿದ್ದೆ, ತಾಯಿ. ಎಡಗಡೆಯ ಮೂರನೆಯ ಸಾಲು. ಅಲ್ಲಿ ಕುಳಿತರೆ ಹಾಡುವವರ ಮುಖ ಓರೆಯಾಗಿ ಕಾಣುತ್ತದೆ, ನುಡಿಸುವವರ ಕೈ ನೇರವಾಗಿ ಕಾಣುತ್ತದೆ. ಬೇಕೆಂದೇ ಆ ಜಾಗ ಹಿಡಿದಿದ್ದೆ.

ಯಜಮಾನರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪಿ.ಬಿ. ಶ್ರೀನಿವಾಸ್ ಅವರ ಕಂಠ ಇನ್ನೊಬ್ಬರ ಗಂಟಲಿನಲ್ಲಿ ಹುಟ್ಟುವುದಿಲ್ಲ. ಆ ಕಂಠವೇ ಬೇಕು ಎನ್ನುವವರು ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ರೆಕಾರ್ಡು ಕೇಳುವುದೇ ಸರಿ. ಆದರೆ ಹಾಡು ಎಂದರೆ ಕಂಠ ಮಾತ್ರವೇ?

ಒಂದು ಹಾಡನ್ನೇ ತೆಗೆದುಕೊಳ್ಳಿ. 1974ರ ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’. ಹಾಡಿದವರು ಯಾರೆಂದು ಅತ್ತೆಯವರನ್ನು ಕೇಳಿ, ಪಿ.ಬಿ.ಎಸ್. ಮತ್ತು ವಾಣಿ ಜಯರಾಂ ಎಂದು ತಟ್ಟನೆ ಹೇಳುತ್ತಾರೆ. ಬರೆದವರು ಚಿ. ಉದಯಶಂಕರ್, ಅದೂ ಬಹಳ ಜನಕ್ಕೆ ಗೊತ್ತು. ಪಲ್ಲವಿ ಮುಗಿದು ಚರಣ ಹತ್ತುವ ನಡುವೆ ಒಂದು ವಾದ್ಯಭಾಗ ಬರುತ್ತದೆ, ನಾವು ವಾದ್ಯದವರು ಅದನ್ನು ‘ಬಿಟ್’ ಎನ್ನುತ್ತೇವೆ. ಅದನ್ನು ನುಡಿಸಿದವರು ಯಾರು? ತೆರೆಯ ಮೇಲೆ ಅವರ ಹೆಸರು ಬರಲಿಲ್ಲ, ರೇಡಿಯೊದವರು ಹೇಳಲಿಲ್ಲ. ಆ ಕಾಲದಲ್ಲಿ ಮದ್ರಾಸಿನ ಸ್ಟುಡಿಯೊಗಳಲ್ಲಿ ಹಾಡುವವರೂ ನುಡಿಸುವವರೂ ಒಟ್ಟಿಗೆ ಕುಳಿತು ಒಂದೇ ಟೇಕಿನಲ್ಲಿ ಹಾಡನ್ನು ಮುಗಿಸಬೇಕಿತ್ತು. ಒಬ್ಬರ ಕಮಾನು ಜಾರಿದರೆ ಎಲ್ಲರೂ ಮೊದಲಿನಿಂದ. ಅಷ್ಟು ಕಷ್ಟಪಟ್ಟು ನುಡಿಸಿ, ಆ ದಿನದ ಸಂಭಾವನೆ ಪಡೆದು ಅವರು ಮನೆಗೆ ಹೋದರು. ಐವತ್ತು ವರ್ಷಗಳಿಂದ ನಮ್ಮ ಅಡುಗೆಮನೆಗಳಲ್ಲಿ, ಬಸ್ಸುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಅವರು ನುಡಿಸುತ್ತಲೇ ಇದ್ದಾರೆ. ಹೆಸರಿಲ್ಲ, ಮುಖವಿಲ್ಲ.

ಆ ಸಂಜೆ ಅವರಿಗೆ ಮುಖ ಬಂತು. ಪಿಟೀಲು ನುಡಿಸಿದವರು ಐವತ್ತರ ಆಸುಪಾಸಿನ ಹೆಂಗಸು, ಹಸಿರು ಅಂಚಿನ ಸೀರೆ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದರು. ಸ್ಟುಡಿಯೊದಲ್ಲಿ ಸಾಲಾಗಿ ಕುಳಿತು ಹಲವರು ನುಡಿಸುವುದನ್ನು ಅವರೊಬ್ಬರೇ ಹೊರಬೇಕು. ಬೆನ್ನಿಗೆ ಕೀಬೋರ್ಡಿನ ಪಿಟೀಲು ನಾದ ಇರುತ್ತದೆ, ನಿಜ. ಆದರೆ ಕಮಾನು ಎಳೆದಾಗ ಬರುವ ಉಸಿರು ಅವರದೇ. ಬಿಟ್ ಬರುವುದಕ್ಕೆ ತಾಳದ ಎರಡು ಸುತ್ತು ಮುಂಚೆಯೇ ಕಮಾನನ್ನು ತಂತಿಯ ಮೇಲೆ ಇಳಿಸಿ, ತಬಲಾದವರ ಎಡಗೈಯನ್ನೇ ನೋಡುತ್ತಿದ್ದರು. ತಬಲಾ ಜೋಡಿಯ ಎಡಗಡೆಯ ಡಗ್ಗಾದ ಮೇಲೆ ಆ ಅಂಗೈ ಒತ್ತಿ ಜಾರಿತೋ ಇಲ್ಲವೋ, ಇವರ ಕಮಾನು ಹೊರಟಿತು. ಕೊಳಲಿನವರು ಸ್ಟೂಲಿನ ಮೇಲೆ ಬಿಳಿ ಪಂಚೆ ಹಾಸಿ ಏಳು ಕೊಳಲುಗಳನ್ನು ಉದ್ದದ ಪ್ರಕಾರ ಜೋಡಿಸಿಕೊಂಡಿದ್ದರು. ಒಂದೇ ಹಾಡಿನೊಳಗೆ ಉದ್ದನೆಯದನ್ನು ಇಟ್ಟು ಗಿಡ್ಡನೆಯದನ್ನು ಎತ್ತಿಕೊಳ್ಳಬೇಕು. ಸಿಗುವ ಸಮಯ ಗಾಯಕರು ಒಂದು ಸಾಲು ಹಾಡುವಷ್ಟು. ಎರಡೂವರೆ ಗಂಟೆಯಲ್ಲಿ ಒಮ್ಮೆಯೂ ಅವರ ಕೈ ತಡಕಾಡಲಿಲ್ಲ.

ಇದರ ಹಿಂದೆ ಎಷ್ಟು ಕೇಳುವಿಕೆ ಇದೆ ಎಂಬುದು ನನಗೆ ಗೊತ್ತು. 1983ರಲ್ಲಿ ಒಂದು ಹಾಡಿನ ಢೋಲಕ್ ನಡೆ ಹಿಡಿಯಲು ನಾನು ನಾಲ್ಕು ರಾತ್ರಿ ಕುಳಿತಿದ್ದೆ. ಮಂಡ್ಯದಲ್ಲಿ ಬಾಡಿಗೆಯ ಕೋಣೆ. ಟೇಪ್‌ರೆಕಾರ್ಡರಿನ ಸ್ಪೀಕರಿಗೆ ಕಿವಿ ಒತ್ತಿ, ಅದೇ ಕಾಲು ನಿಮಿಷವನ್ನು ಹಿಂದಕ್ಕೆ ತಿರುಗಿಸಿ, ಕೇಳಿ, ಮತ್ತೆ ಹಿಂದಕ್ಕೆ ತಿರುಗಿಸಿ. ಕ್ಯಾಸೆಟ್ಟಿನ ಆ ಜಾಗ ಸವೆದು ಶಬ್ದ ಮಂಕಾಯಿತು. ಐದನೆಯ ರಾತ್ರಿ ಹೊಳೆಯಿತು: ಅಲ್ಲಿರುವುದು ಒಂದು ಢೋಲಕ್ ಅಲ್ಲ, ಎರಡು. ಒಬ್ಬರು ನಡೆ ಕಾಯುತ್ತಿದ್ದಾರೆ, ಇನ್ನೊಬ್ಬರು ಸಂದಿಗಳನ್ನು ತುಂಬುತ್ತಿದ್ದಾರೆ. ಇಬ್ಬರು ನುಡಿಸಿದ್ದನ್ನು ನಾನು ಎರಡೇ ಕೈಯಲ್ಲಿ ಹಿಡಿಯಲು ಹೊರಟಿದ್ದೆ! ಆ ಇಬ್ಬರನ್ನು ನಾನು ನೋಡಿಲ್ಲ, ಎಲ್ಲಿಯವರೆಂದೂ ಗೊತ್ತಿಲ್ಲ. ಆದರೆ ನನಗೆ ಢೋಲಕ್ ಕಲಿಸಿದವರು ಅವರೇ. ಇದನ್ನು ನಕಲು ಎನ್ನುವುದಾದರೆ ಗುರುವಿನ ಎದುರು ಕುಳಿತು ಹೇಳಿಕೊಟ್ಟಂತೆ ಸರಳೆ ವರಸೆ ಹಾಡುವ ಮಗುವನ್ನೂ ನಕಲು ಎನ್ನಬೇಕಾಗುತ್ತದೆ.

ಇನ್ನೊಂದನ್ನು ಗಮನಿಸಿದಿರಾ? ಆ ಸಂಜೆ ಜನ ಚಪ್ಪಾಳೆ ತಟ್ಟಿದ್ದು ಗಾಯಕರು ಬಾಯಿ ತೆರೆದಾಗ ಅಲ್ಲ, ಅದಕ್ಕಿಂತ ಮುಂಚೆ. ಹಾಡಿಗೆ ಮುಂಚಿನ ಬಿಟ್ಟಿನ ನಾಲ್ಕು ಸ್ವರ ಕೇಳಿದ್ದೇ ತಡ, ಸಭಾಂಗಣದ ಹಿಂದಿನ ಸಾಲುಗಳಿಂದ ‘ಓ’ ಎಂಬ ಉದ್ಗಾರ ಎದ್ದಿತು. ಯಾವ ಹಾಡೆಂದು ಎಲ್ಲರಿಗೂ ಗೊತ್ತಾಗಿತ್ತು. ಒಂದು ಅಕ್ಷರವನ್ನೂ ಯಾರೂ ಹಾಡಿರಲಿಲ್ಲ. ಅತ್ತೆಯವರನ್ನು ಮೆಲ್ಲಗೆ ಕೇಳಿ ನೋಡಿ, ಕಣ್ಣು ತುಂಬಿದ್ದು ಯಾವ ಗಳಿಗೆಯಲ್ಲಿ ಎಂದು. ಮುಂದಿನ ಸಲ ಯಜಮಾನರನ್ನೂ ಕರೆದುಕೊಂಡು ಹೋಗಿ ಎಡಗಡೆಯ ಸಾಲಿನಲ್ಲಿ ಕೂರಿಸಿ.

ಪ್ರಶ್ನೆ: ಬಗೆಬಗೆಯ ಹಾಡು ಹಾಡುವುದು ಬಿಟ್ಟು ಇಡೀ ಸಂಜೆ ಒಬ್ಬ ಸಂಗೀತ ನಿರ್ದೇಶಕರದ್ದೇ ಹಾಡಿದರೆ ಬೇಸರ ಬರುವುದಿಲ್ಲವೇ?
— ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಉತ್ತರ: ಬೆರಕೆಯ ರಸಮಂಜರಿಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಹದಿನೆಂಟು ವರ್ಷ ನೋಡಿದ್ದೇನೆ, ಸಾರ್. ಸಭಿಕರಿಂದ ಚೀಟಿಗಳು ಬರುತ್ತವೆ, ಎಲ್ಲ ಊರುಗಳ ಚೀಟಿಯಲ್ಲೂ ಅದೇ ಹತ್ತು ಹಾಡು. ತಂಡ ಆ ಹತ್ತನ್ನು ಚೆನ್ನಾಗಿ ರೂಢಿ ಮಾಡಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಒಬ್ಬರ ಹಾಡುಗಳೇ ಎಂದಾಗ ಇಪ್ಪತ್ತನಾಲ್ಕು ಹಾಡು ಹೊಂದಿಸಬೇಕು. ಆಗ ಮೂಲೆಯಲ್ಲಿ ಬಿದ್ದಿದ್ದ ಹಾಡುಗಳೂ ಹೊರಬರುತ್ತವೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. 1974ರ ಪಿ.ಬಿ.ಎಸ್. ಹಾಡು ಕೇಳಿದ ಹತ್ತು ನಿಮಿಷಕ್ಕೆ 1976ರ ‘ಬಯಲು ದಾರಿ’ಯಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ಎಲ್ಲಿರುವೆ’ ಬಂತು. ಅದರ ಬೆನ್ನಿಗೆ, ಅದೇ 1976ರ ‘ನಾ ನಿನ್ನ ಮರೆಯಲಾರೆ’ಯಲ್ಲಿ ರಾಜ್‌ಕುಮಾರ್ ಹಾಡಿದ ‘ಎಲ್ಲೆಲ್ಲಿ ನೋಡಲಿ’. ಎರಡು ವರ್ಷದ ಅಂತರದಲ್ಲಿ ಮೂರು ಬೇರೆ ಬೇರೆ ಗಂಟಲು. ಮೃದುವಾಗಿ ಕೆಳಗೆ ಹರಿಯುವುದೊಂದು, ಗಾಳಿಯಂತೆ ಮೇಲೇರುವುದೊಂದು, ಮಾತಿನಷ್ಟು ಸ್ಪಷ್ಟವಾಗಿ ಅಕ್ಷರ ಬಿಡಿಸುವುದೊಂದು. ಒಂದೊಂದಕ್ಕೂ ಅಳತೆ ತೆಗೆದು ಹೊಲಿದ ಹಾಗೆ ಈ ಅಣ್ಣತಮ್ಮಂದಿರು ರಾಗ ಕೂರಿಸಿದ್ದಾರೆ. ಹಾಡುಗಳನ್ನು ಬಿಡಿಬಿಡಿಯಾಗಿ ಎಷ್ಟೋ ಸಲ ಕೇಳಿದ್ದೆ, ಸ್ವತಃ ನುಡಿಸಿದ್ದೆ. ಈ ವಿಷಯ ನನ್ನ ತಲೆಗೆ ಹೋದದ್ದು ಆ ಸಂಜೆಯೇ.

ರಾಜನ್ ಪಿಟೀಲು ಕಲಿತವರು, ನಾಗೇಂದ್ರ ಜಲತರಂಗ. ಇಬ್ಬರೂ ಮೈಸೂರಿನ ಶಿವರಾಂಪೇಟೆಯವರು. ತಂದೆ ರಾಜಪ್ಪನವರು ಹಾರ್ಮೋನಿಯಂ ಮತ್ತು ಕೊಳಲು ವಾದಕರು, ಮೂಕಿ ಚಿತ್ರಗಳು ಓಡುತ್ತಿದ್ದಾಗ ಹಿನ್ನೆಲೆಗೆ ನುಡಿಸುತ್ತಿದ್ದವರು. ತೆರೆಯ ಮೇಲೆ ಚಿತ್ರ, ತೆರೆಯ ಕೆಳಗೆ ಬೆವರುತ್ತಾ ನುಡಿಸುವ ಜನ. ಅಂಥ ಮನೆಯಿಂದ ಬಂದ ಮಕ್ಕಳು 1952ರ ‘ಸೌಭಾಗ್ಯಲಕ್ಷ್ಮಿ’ಯಿಂದ ಶುರುಮಾಡಿ ಕನ್ನಡ, ತೆಲುಗು ಚಿತ್ರಗಳಿಗೆ ದಶಕಗಳ ಕಾಲ ಸಂಗೀತ ಕೊಟ್ಟರು. ನಾಗೇಂದ್ರ 2000ದಲ್ಲಿ ಹೋದರು, ರಾಜನ್ 2020ರಲ್ಲಿ. ನಿರೂಪಕಿ ಅಂದು ಜಲತರಂಗದ ವಿಷಯ ಹೇಳಿ, ಕೀಬೋರ್ಡಿನಲ್ಲಿ ಆ ನಾದವನ್ನು ಒಂದು ಕ್ಷಣ ಕೇಳಿಸಿದರು. ನಿಜವಾದ ಪಿಂಗಾಣಿ ಬಟ್ಟಲುಗಳನ್ನೇ ತಂದು ನೀರು ಹೊಯ್ದು ನುಡಿಸಬೇಕಿತ್ತು ಎಂದು ನನ್ನ ಮನಸ್ಸು ಹಾರೈಸಿತು. ಆ ತಂಡದವರು ಇದನ್ನು ಓದುತ್ತಿದ್ದರೆ ಮುಂದಿನ ವರ್ಷ ದಯವಿಟ್ಟು ಮಾಡಿ.

ಪ್ರಶ್ನೆ: ನಾನು ಹವ್ಯಾಸಿ ಗಾಯಕಿ. ಜಾನಕಿಯಮ್ಮನವರ ಹಾಡನ್ನು ಮೂಲ ಶ್ರುತಿಗಿಂತ ಎರಡು ಮನೆ (ಎರಡು ಮೆಟ್ಟಿಲು) ಇಳಿಸಿ ಹಾಡಿದ್ದಕ್ಕೆ ಗೆಳತಿಯರು ‘ಮೋಸ’ ಎಂದರು. ಹೌದೇ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಖಂಡಿತ ಅಲ್ಲ, ಮಗಳೇ. ಶ್ರುತಿ ಹಾಡುವವರ ಸೊತ್ತು. ಕಛೇರಿಯಲ್ಲಿ ಒಬ್ಬರು ಒಂದನೇ ಮನೆಗೆ, ಇನ್ನೊಬ್ಬರು ಐದೂವರೆ ಮನೆಗೆ ಅದೇ ಕೃತಿಯನ್ನು ಹಾಡುವುದಿಲ್ಲವೇ? ಎಟುಕದ ಶ್ರುತಿಯಲ್ಲಿ ಕಿರುಚಿ ಹಾಡನ್ನು ಹಿಂಸಿಸುವುದೇ ತಪ್ಪು. ಆದರೆ ನೀನು ಒಂದು ಋಣ ನೆನಪಿಡಬೇಕು. ನೀನು ‘ಇಳಿಸಿ’ ಎಂದಾಗ ಕೀಬೋರ್ಡಿನವರು ಒಂದು ಗುಂಡಿ ಒತ್ತಿದರೆ ಸಾಕು. ಗಿಟಾರಿನವರು ಬೆರಳಿನ ಜಾಗಗಳನ್ನೆಲ್ಲ ಬದಲಿಸಬೇಕು, ಪಿಟೀಲಿನವರು ಖಾಲಿ ತಂತಿಯಲ್ಲಿ ಬರುತ್ತಿದ್ದ ಸ್ವರವನ್ನು ಬೆರಳೊತ್ತಿ ಹುಡುಕಬೇಕು, ಕೊಳಲಿನವರು ಬೇರೆ ಕೊಳಲನ್ನೇ ತರಬೇಕು, ತಬಲಾದವರು ಸುತ್ತಿಗೆ ಹಿಡಿದು ಮತ್ತೆ ಶ್ರುತಿ ಮಾಡಬೇಕು. ವೇದಿಕೆ ಹತ್ತಿದ ಮೇಲೆ ಹೇಳಬೇಡ. ಒಂದು ವಾರ ಮುಂಚೆ, ಯಾವ ಹಾಡು ಯಾವ ಶ್ರುತಿ ಎಂದು ಬರೆದು ಕೊಡು.

ಪ್ರಶ್ನೆ: ನಮ್ಮೂರಿನ ಗಣೇಶೋತ್ಸವಕ್ಕೆ ಈ ಸಲ ಹಳೆಯ ಹಾಡುಗಳದ್ದೇ ರಸಮಂಜರಿ ಇಡಬೇಕೆಂದಿದ್ದೇವೆ. ಹುಡುಗರು ಹೊಸ ಹಾಡೇ ಬೇಕೆಂದು ಹಟ ಹಿಡಿದಿದ್ದಾರೆ. ಏನೇನು ನೋಡಿಕೊಳ್ಳಬೇಕು?
— ಸಮಿತಿಯ ಕಾರ್ಯದರ್ಶಿ, ಚನ್ನಗಿರಿ

ಉತ್ತರ: ಮೊದಲು ಗಡಿಯಾರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗಾಗಿ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ನಿಮ್ಮ ದಿನ ಅದರಲ್ಲಿದೆ ಎಂದು ಊಹಿಸಬೇಡಿ, ಪೊಲೀಸ್ ಠಾಣೆಯಲ್ಲಿ ಮೊದಲೇ ಕೇಳಿ ಅನುಮತಿ ಪತ್ರ ಕೈಯಲ್ಲಿಟ್ಟುಕೊಳ್ಳಿ. ಆರೂವರೆಗೆ ಹಾಡು ಶುರುವಾಗಬೇಕಾದರೆ ತಂಡದ ವ್ಯಾನು ನಾಲ್ಕಕ್ಕೆ ಬಂದಿರಬೇಕು. ಮೈಕು ಜೋಡಿಸಿ, ಒಂದೊಂದು ವಾದ್ಯದ ಶಬ್ದ ಸರಿಮಾಡಲು ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಇನ್ನು ಸನ್ಮಾನ. ಶಾಲು, ಹಾರ, ಪೇಟ, ಎಲ್ಲರಿಗೂ ಎರಡೆರಡು ಮಾತು ಎಂದು ಹೊರಟರೆ ಎಂಟೂವರೆಯಾಗುತ್ತದೆ, ಉಳಿದ ಒಂದೂವರೆ ಗಂಟೆಗಾಗಿ ಕಲಾವಿದರು ನೂರಾರು ಕಿಲೋಮೀಟರ್ ಬಂದಿರುತ್ತಾರೆ. ಸನ್ಮಾನವನ್ನು ಇಪ್ಪತ್ತು ನಿಮಿಷಕ್ಕೆ ಕಟ್ಟಿಹಾಕಿ.

ಟಿಕೆಟ್ ಇಡುವುದಾದರೆ ಹಾಡು ಬರೆದವರಿಗೆ ಮತ್ತು ಸಂಗೀತ ಕೊಟ್ಟವರಿಗೆ ಸಲ್ಲಬೇಕಾದ ಹಣಕ್ಕಾಗಿ ಐಪಿಆರ್‌ಎಸ್ ಸಂಸ್ಥೆಯಿಂದ ಪರವಾನಗಿ ಪಡೆಯಬೇಕು. ಹವ್ಯಾಸಿಗಳು ಉಚಿತವಾಗಿ ನಡೆಸುವ ಕಾರ್ಯಕ್ರಮಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ ಸಂಭಾವನೆ ಕೊಟ್ಟು ವೃತ್ತಿಪರ ತಂಡ ಕರೆಸುವಾಗ ಅದು ನಿಮಗೂ ಸಲ್ಲುತ್ತದೆ ಎಂದು ನೀವೇ ತೀರ್ಮಾನಿಸಿಕೊಳ್ಳದೆ ವಿಚಾರಿಸಿ.

ಹುಡುಗರ ಹಟ ತಪ್ಪಲ್ಲ. ಪೆಂಡಾಲು ಕಟ್ಟಿದವರು, ಕುರ್ಚಿ ಹೊತ್ತವರು ಅವರೇ ತಾನೇ? ಕೊನೆಯ ಅರ್ಧ ಗಂಟೆ ಅವರಿಗೆ ಕೊಡಿ. ಯಾವ ಹಾಡೆಂದು ತಂಡಕ್ಕೆ ತಿಂಗಳು ಮುಂಚೆ ತಿಳಿಸಿ. ಹಾಗೆ ಮಾಡಿದರೆ ಮೊದಲ ಎರಡು ಗಂಟೆ ಅವರೂ ಅಲ್ಲೇ ಇರುತ್ತಾರೆ, ಹಳೆಯದನ್ನೂ ಕೇಳುತ್ತಾರೆ.

ಮುಖ್ಯವಾದದ್ದನ್ನು ಕೊನೆಗೆ ಹೇಳುತ್ತೇನೆ. ಬಾಕಿ ಹಣವನ್ನು ಕೊನೆಯ ಹಾಡಿಗೆ ಮುಂಚೆಯೇ ಲಕೋಟೆಯಲ್ಲಿ ಕೊಟ್ಟುಬಿಡಿ. ತೊಂಬತ್ತರ ದಶಕದಲ್ಲಿ ಒಂದು ಊರಿನಲ್ಲಿ, ಹೆಸರು ಬೇಡ, ರಾತ್ರಿ ಒಂದೂವರೆಗೆ ಕಾರ್ಯಕ್ರಮ ಮುಗಿಸಿ ಬಾಕಿ ಕೇಳಿದಾಗ ಖಜಾಂಚಿ ಮನೆಗೆ ಹೋಗಿ ಮಲಗಿದ್ದಾರೆ ಎಂದರು. ನಾವು ಹನ್ನೊಂದು ಜನ ಬೆಳಗಾಗುವವರೆಗೆ ವ್ಯಾನಿನಲ್ಲಿ ಕುಳಿತೆವು. ನಮ್ಮ ಗಾಯಕಿ ಆರು ತಿಂಗಳ ಮಗುವನ್ನು ತಾಯಿಯ ಬಳಿ ಬಿಟ್ಟು ಬಂದಿದ್ದಳು. ಸಂಜೆಯೆಲ್ಲ ಆ ಊರನ್ನು ಕುಣಿಸಿದ ಹೆಣ್ಣುಮಗಳು ಆ ರಾತ್ರಿ ಒಂದು ಮಾತೂ ಆಡಲಿಲ್ಲ. ಕಿಟಕಿಗೆ ತಲೆಯಾನಿಸಿ ಎಚ್ಚರವಾಗಿಯೇ ಇದ್ದಳು. ಮೂವತ್ತು ವರ್ಷವಾದರೂ ನನಗೆ ಆ ಊರಿನ ಮೇಲಿನ ಸಿಟ್ಟು ಹೋಗಿಲ್ಲ. ಊಟವನ್ನೂ ಮರೆಯಬೇಡಿ. ಬಿಸಿಯಾಗಿ, ಹಾಡುವುದಕ್ಕೆ ಎರಡು ಗಂಟೆ ಮುಂಚೆ ಲಘುವಾಗಿ, ಮುಗಿದ ಮೇಲೆ ಹೊಟ್ಟೆ ತುಂಬ.

ಪ್ರಶ್ನೆ: ಈಗ ಟ್ರ್ಯಾಕ್ (ಮೊದಲೇ ಮುದ್ರಿಸಿದ ವಾದ್ಯಸಂಗೀತ) ಹಾಕಿಕೊಂಡು ಹಾಡುವ ಕಾರ್ಯಕ್ರಮಗಳೇ ಹೆಚ್ಚು. ಅದೂ ರಸಮಂಜರಿಯೇ ಅಲ್ಲವೇ?
— ಓದುಗ, ಉಡುಪಿ

ಉತ್ತರ: ಅಲ್ಲ. ಹಾಡುವ ಆಸೆ ಇದ್ದು ವಾದ್ಯದವರಿಗೆ ಕೊಡಲು ಹಣವಿಲ್ಲದ ಗೆಳೆಯರ ಬಳಗ ಟ್ರ್ಯಾಕಿನಲ್ಲಿ ಹಾಡಿದರೆ ನಾನು ಸಂತೋಷದಿಂದ ಹೋಗಿ ಕೇಳುತ್ತೇನೆ, ಚಪ್ಪಾಳೆ ತಟ್ಟುತ್ತೇನೆ. ಆದರೆ ಟ್ರ್ಯಾಕು ಕಾಯುವುದಿಲ್ಲ. ಗಾಯಕರು ಭಾವ ತುಂಬಿ ಒಂದು ಸ್ವರದ ಮೇಲೆ ಅರೆಗಳಿಗೆ ಹೆಚ್ಚು ನಿಂತರೆ ಅದು ಮುಂದಕ್ಕೆ ಹೋಗಿಬಿಡುತ್ತದೆ. ತಬಲಾದವನು ಹಾಗಲ್ಲ. ಅವನು ಗಾಯಕರ ಕುತ್ತಿಗೆಯ ನರ ನೋಡಿ ಅರ್ಥಮಾಡಿಕೊಂಡು ಒಂದು ಪೆಟ್ಟನ್ನು ಹಿಡಿದಿಟ್ಟುಕೊಳ್ಳುತ್ತಾನೆ. ಟಿಕೆಟ್ ಇಟ್ಟು, ದೊಡ್ಡ ಬ್ಯಾನರ್ ಕಟ್ಟಿ, ವೇದಿಕೆಯ ಮೇಲೆ ಒಂದು ಲ್ಯಾಪ್‌ಟಾಪ್ ಮಾತ್ರ ಇಡುವವರ ಬಗ್ಗೆ ನನಗೆ ನೋವಿದೆ. ಆ ಜಾಗದಲ್ಲಿ ಆರು ಮನೆಗಳ ಒಲೆ ಉರಿಯುತ್ತಿತ್ತು.

ಪ್ರಶ್ನೆ: ಕೊನೆಯ ಬಸ್ಸು ತಪ್ಪುತ್ತದೆಂದು ನಾವು ಒಂಬತ್ತು ಗಂಟೆಗೇ ಎದ್ದು ಬಂದೆವು. ಕೊನೆಯ ಹಾಡು ಯಾವುದು? ಅಪ್ಪ ಇವತ್ತಿಗೂ ಕೇಳುತ್ತಿದ್ದಾರೆ.
— ಶಿಕ್ಷಕಿ, ಎಚ್.ಡಿ. ಕೋಟೆ

ಉತ್ತರ: ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಕೊನೆಯದು 1973ರ ‘ಗಂಧದ ಗುಡಿ’ಯ ‘ನಾವಾಡುವ ನುಡಿಯೆ’. ಗಾಯಕರು ಎರಡನೆಯ ಸಲ ಪಲ್ಲವಿಗೆ ಬಂದಾಗ ಮೈಕನ್ನು ಸಭೆಯ ಕಡೆ ತಿರುಗಿಸಿದರು, ಸಭಾಂಗಣವೇ ಹಾಡಿತು. ಹಾಡು ಮುಗಿದ ಮೇಲೆ ನಿರೂಪಕಿ ವಾದ್ಯದವರನ್ನು ಒಬ್ಬೊಬ್ಬರಾಗಿ ಹೆಸರು ಹೇಳಿ ಕರೆದರು. ಒಬ್ಬೊಬ್ಬರೂ ಎದ್ದು ನಿಲ್ಲುವ ಬದಲು ಅಂದಿನ ಹಾಡುಗಳ ಒಂದೊಂದು ಬಿಟ್ಟನ್ನು ನುಡಿಸಿದರು. ಹಾಡಿಲ್ಲ, ಬಿಟ್ ಮಾತ್ರ. ಜನ ಪ್ರತಿಯೊಂದಕ್ಕೂ ಹಾಡಿನ ಹೆಸರನ್ನು ಕೂಗಿ ಹೇಳುತ್ತಿದ್ದರು, ಒಂದೂ ತಪ್ಪಲಿಲ್ಲ. ಕೊನೆಯ ಸರದಿ ಪಿಟೀಲಿನವರದು. ಅವರು ನುಡಿಸಿದ ಬಿಟ್ ಯಾವ ಹಾಡಿನದೆಂದು ಮಾತ್ರ ಸಭೆಗೆ ತಟ್ಟನೆ ಹೊಳೆಯಲಿಲ್ಲ. ಅವರು ನಕ್ಕು, ಇನ್ನೊಮ್ಮೆ ನಿಧಾನವಾಗಿ ನುಡಿಸಿದರು. ಆಗ ನನ್ನ ಹಿಂದಿನ ಸಾಲಿನಿಂದ ವಯಸ್ಸಾದವರೊಬ್ಬರು ಹಾಡಿನ ಹೆಸರು ಹೇಳದೆ, ಆ ಬಿಟ್ ಮುಗಿದ ಜಾಗದಿಂದ ಚರಣವನ್ನೇ ಎತ್ತಿಕೊಂಡು ನಡುಗುವ ದನಿಯಲ್ಲಿ ಹಾಡತೊಡಗಿದರು. ತಬಲಾದವರು ತಕ್ಷಣ ಅವರ ಜೊತೆ ಸೇರಿಕೊಂಡರು. ಸಭಾಂಗಣವನ್ನು ಹತ್ತಕ್ಕೆ ಬಿಟ್ಟುಕೊಡಬೇಕಿತ್ತು. ಪರದೆ ಬಿದ್ದಾಗ ಒಂಬತ್ತು ಗಂಟೆ ಐವತ್ತೆರಡು ನಿಮಿಷ.